ಮಾಡೆಲ್ ವಿಮಾನ: ಕೈಯಿಂದ ಬಿಡೋ ಮೊದಲು ನೋಡಬೇಕಾದ ನಾಲ್ಕು ವಿಷಯ

ಥರ್ಮಾಕೋಲ್ ಶೀಟ್, ಒಂದು ಮೋಟಾರ್, ಬ್ಯಾಟರಿ, ಕೈಯಲ್ಲೊಂದು ರಿಮೋಟ್. ಇಷ್ಟರಲ್ಲೇ ವಿಮಾನ ಹಾರಿಸಬಹುದಾ? ಹಾರಿಸಬಹುದು. ಆದ್ರೆ ಹೊಸಬರ ವಿಮಾನ ಕೆಲವೇ ಸೆಕೆಂಡಲ್ಲಿ ನೆಲ ಕಚ್ಚೋದು ತುಂಬಾ ಸಾಮಾನ್ಯ. ಅದು ಯಾಕೆ, ತಪ್ಪಿಸೋದು ಹೇಗೆ ಅನ್ನೋದೇ ಇವತ್ತಿನ ಮಾತು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ, ನಾನೂ ಬಿ.ಕಾಂ ಪಾರ್ಟಿನೇ.

ಮೊದಲನೇದು ತೂಕ. ರೆಕ್ಕೆ ಉದ್ದ 120 ಸೆಂ.ಮೀ., ಅಗಲ 20 ಸೆಂ.ಮೀ. ಅಂದ್ಕೊಳ್ಳಿ. ವಿಸ್ತೀರ್ಣ 2,400 ಚದರ ಸೆಂ.ಮೀ. ಬ್ಯಾಟರಿ ಸೇರಿ ತೂಕ 700 ಗ್ರಾಂ ಇದ್ರೆ, ಪ್ರತಿ 100 ಚದರ ಸೆಂ.ಮೀ.ಗೆ ಸುಮಾರು 29 ಗ್ರಾಂ ಬೀಳುತ್ತೆ. ಕಲಿಯೋರಿಗೆ ಇದು ಒಳ್ಳೇ ಲೆಕ್ಕ. ಚೆಂದ ಕಾಣಲಿ ಅಂತ ಅಂಟು, ಟೇಪು, ಪೇಂಟ್ ಬಳಿದು ಒಂದು ಕೆ.ಜಿ.ಗೆ ಏರಿಸಿದ್ರೆ, ಬೀಳದೆ ಇರೋಕೆ ಅದು ಇನ್ನೂ ಜೋರಾಗಿ ಹಾರಲೇಬೇಕು. ವೇಗ ಹೆಚ್ಚಾದಷ್ಟೂ ನಿಮಗೆ ಯೋಚಿಸೋಕೆ ಸಿಗೋ ಟೈಮ್ ಕಡಿಮೆ.

ಎರಡನೇದು, ಎಲ್ಲಕ್ಕಿಂತ ಮುಖ್ಯವಾದ್ದು: ಗುರುತ್ವ ಕೇಂದ್ರ. ಹಾರೋ ಮಂದಿ ಇದನ್ನ ಸಿಜಿ ಅಂತಾರೆ. ನೇರ ರೆಕ್ಕೆಯ ವಿಮಾನದಲ್ಲಿ ಇದು ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಇರಬೇಕು. ನಮ್ಮ 20 ಸೆಂ.ಮೀ. ರೆಕ್ಕೆಗೆ 5ರಿಂದ 6.5 ಸೆಂ.ಮೀ. ಅಲ್ಲಿ ಎರಡೂ ಕಡೆ ಬೆರಳಿಟ್ಟು ಎತ್ತಿ. ವಿಮಾನ ಸಮವಾಗಿ ನಿಲ್ಲಬೇಕು, ಮೂಗು ಒಂಚೂರು ಬಾಗಿದ್ರೂ ಪರವಾಗಿಲ್ಲ. ಬಾಲ ಭಾರವಾದ್ರೆ ಮಾತ್ರ ಕಷ್ಟ. ಮೂಗು ಮೇಲೇಳುತ್ತೆ, ವೇಗ ಇಳಿಯುತ್ತೆ, ರೆಕ್ಕೆಗೆ ಎತ್ತೋ ಶಕ್ತಿ ಹೋಗುತ್ತೆ, ದೊಪ್ಪಂತ ಬೀಳುತ್ತೆ. ಪರಿಹಾರಕ್ಕೆ ಖರ್ಚಿಲ್ಲ, ಬ್ಯಾಟರಿಯನ್ನ ಮುಂದಕ್ಕೆ ಸರಿಸಿದ್ರೆ ಸಾಕು.

ಮೂರನೇದು ಬ್ಯಾಟರಿ. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಪ್ಯಾಕ್ ಪೂರ್ತಿ ತುಂಬಿದಾಗ 12.6 ವೋಲ್ಟ್. ಸೆಲ್ ಒಂದಕ್ಕೆ 3.5 ವೋಲ್ಟ್‌ಗೆ ಬರೋ ಹೊತ್ತಿಗೆ ಇಳಿಸಿಬಿಡಿ. ಉಬ್ಬಿದ ಪ್ಯಾಕ್ ಚಾರ್ಜ್ ಮಾಡಲೇಬೇಡಿ. ಚಾರ್ಜ್‌ಗೆ ಹಾಕಿ ಮಲಗಬೇಡಿ, ಬೆಂಕಿ ಹತ್ತುತ್ತೆ. ಮನೆಯಲ್ಲಿ ಟೆಸ್ಟ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ತಿರುಗೋ ಪ್ರೊಪೆಲ್ಲರ್ ಬೆರಳನ್ನ ಸೀಳಿಬಿಡುತ್ತೆ.

ನಾಲ್ಕನೇದು ಜಾಗ. "ಇದು ಡ್ರೋನ್ ಅಲ್ವಲ್ಲ" ಅನ್ನೋ ವಾದ ನಡೆಯಲ್ಲ. 2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು; ಏರ್‌ಪೋರ್ಟ್‌ನಿಂದ 8ರಿಂದ 12 ಕಿ.ಮೀ. ಒಳಗಾದ್ರೆ 200 ಅಡಿ ಮಾತ್ರ. ಬೆಂಗಳೂರಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲಾ ಇರೋದ್ರಿಂದ, ಏರಿಯಾದ ಮೈದಾನ ಖಾಲಿ ಇದೆ ಅಂತ ನುಗ್ಗೋ ಹಾಗಿಲ್ಲ. ಮೊದಲು ಸರ್ಕಾರದ ಏರ್‌ಸ್ಪೇಸ್ ಮ್ಯಾಪ್ ನೋಡಿ. ನಿಮ್ಮ 700 ಗ್ರಾಂ ಆಟಿಕೆ ನಿಜವಾದ ವಿಮಾನದ ದಾರಿಗೆ ಬಂದ್ರೆ, ಒಳಗೆ ಕೂತಿರೋದು ಮನುಷ್ಯರು.

ಇಷ್ಟಾದ್ಮೇಲೆ ಒಂದು ವಾರ ಸಿಮ್ಯುಲೇಟರಲ್ಲಿ ಕೈ ಪಳಗಿಸಿ. ವಿಮಾನ ನಿಮ್ಮ ಕಡೆ ಮುಖ ಮಾಡಿದಾಗ ಎಡ-ಬಲ ಅದಲು ಬದಲಾಗುತ್ತೆ, ಅದು ಅಭ್ಯಾಸ ಆಗಲೇಬೇಕು. ಆಮೇಲೆ ಗಾಳಿ ಕಮ್ಮಿ ಇರೋ ಬೆಳಗಿನ ಹೊತ್ತು, ಜನ ಇಲ್ಲದ ಬಯಲಲ್ಲಿ, ಗಾಳಿಗೆ ಎದುರಾಗಿ ಬಿಡಿ. ಬಿದ್ರೂ ಮುರಿಯೋದು ಹೆಚ್ಚಾಗಿ ಥರ್ಮಾಕೋಲ್. ಮೋಟಾರು, ಸರ್ವೋ ಉಳಿದಿದ್ರೆ ಮುಂದಿನ ವಿಮಾನಕ್ಕೆ ಆಗುತ್ತೆ.