ಸಕ್ಕರೆ ಕರಗಿದ ದಾರಿಯಲ್ಲಿ ರಕ್ತ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳವರಾದ ನಿಮಗೆ ಕಬ್ಬನ್ನೂ ಕಾಲುವೆಯನ್ನೂ ಪರಿಚಯಿಸಬೇಕಿಲ್ಲ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ವಿತರಣಾ ಕಾಲುವೆಗಳಿಗೆ, ಅಲ್ಲಿಂದ ಹೊಲಗಾಲುವೆಗಳಿಗೆ ಹರಿಯುತ್ತದೆ. ಮುಖ್ಯ ಕಾಲುವೆ ತುಂಬಿದ್ದರೂ ಕೊನೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ಅಲ್ಲಿಯ ಪೈರು ಒಣಗುತ್ತದೆ, ಅಲ್ಲವೇ?

ನಮ್ಮ ದೇಹದಲ್ಲಿಯೂ ಹೀಗೆಯೇ. ಹೃದಯದಿಂದ ಹೊರಟ ರಕ್ತವು ಅಪಧಮನಿಗಳಲ್ಲಿ ಕವಲೊಡೆಯುತ್ತ ಸಾಗಿ, ಕೂದಲೆಳೆಗಿಂತ ತೆಳುವಾದ ಲೋಮನಾಳಗಳನ್ನು ಸೇರುತ್ತದೆ. ಜೀವಕೋಶಗಳಿಗೆ ಆಮ್ಲಜನಕ, ಆಹಾರ ದೊರೆಯುವುದು ಅಲ್ಲಿ. ಲೋಮನಾಳದಿಂದ ಸುಮಾರು 0.2 ಮಿಲಿಮೀಟರಿಗಿಂತ ದೂರವಿದ್ದರೆ ಬಹುತೇಕ ಜೀವಕೋಶಗಳು ಬದುಕುವುದು ಕಷ್ಟ.

ಯಕೃತ್ತು ಅಥವಾ ಮೂತ್ರಪಿಂಡ ಕೆಟ್ಟು ಬದಲಿ ಅಂಗಕ್ಕಾಗಿ ಕಾಯುವವರು ಅನೇಕರು. ದಾನವಾಗಿ ದೊರೆಯುವ ಅಂಗಗಳು ಕಡಿಮೆ. ಆದ್ದರಿಂದಲೇ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ರೂಪಿಸುವ ಪ್ರಯತ್ನ ನಡೆದಿದೆ. ಅದರ ಒಂದು ವಿಧಾನ ಜೈವಿಕ ಮುದ್ರಣ. ಜೀವಂತ ಕೋಶಗಳನ್ನು ಜೆಲಟಿನ್‌ನಂಥ ಮೆದು ಅಂಟಿನಲ್ಲಿ ಬೆರೆಸಿದರೆ 'ಜೈವಿಕ ಶಾಯಿ' ಸಿದ್ಧವಾಗುತ್ತದೆ. ಕಂಪ್ಯೂಟರಿನ ಆಣತಿಯಂತೆ ಚಲಿಸುವ ಸಿರಿಂಜು ಈ ಶಾಯಿಯನ್ನು ಪದರದ ಮೇಲೆ ಪದರವಾಗಿ ಇಡುತ್ತದೆ. ನಮ್ಮ ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ ಸಂಸ್ಥೆಯು ಹೀಗೆ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿರುವುದಾಗಿ 2015ರಲ್ಲಿ ಪ್ರಕಟಿಸಿತು.

ಆದರೆ ಅಂಗಾಂಶದ ಚಿಕ್ಕ ತುಣುಕು ಬೇರೆ, ಇಡೀ ಅಂಗ ಬೇರೆ. ತೆಳುವಾದ ತುಣುಕು ಪೋಷಕ ದ್ರವದಲ್ಲಿ ಬದುಕಬಲ್ಲದು. ದಪ್ಪವಾದಂತೆ ಒಳಗಿನ ಕೋಶಗಳು ಕೊನೆಯ ಹೊಲದ ಪೈರಿನಂತೆ ಸಾಯತೊಡಗುತ್ತವೆ. ಮೆದು ಅಂಟಿನೊಳಗೆ ಟೊಳ್ಳು ನಾಳಗಳ ಜಾಲವನ್ನು ಮೂಡಿಸುವುದು ಹೇಗೆ?

ಉಗಾರದ ಕಾರ್ಖಾನೆಯಲ್ಲಿ ನೀವು ಕಾಣುವ ಸಕ್ಕರೆಯೇ ಇಲ್ಲಿ ನೆರವಿಗೆ ಬಂದಿತು! 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋರ್ಡಾನ್ ಮಿಲ್ಲರ್, ಕ್ರಿಸ್ಟೋಫರ್ ಚೆನ್ ಮತ್ತು ಸಂಗಡಿಗರು ಸಕ್ಕರೆ, ಗ್ಲೂಕೋಸ್ ಹಾಗೂ ಡೆಕ್ಸ್‌ಟ್ರಾನ್‌ಗಳ ಬಿಸಿಪಾಕದಿಂದ ಎಳೆಗಳ ಜಾಲವನ್ನು ಮುದ್ರಿಸಿದರು. ಆರಿದ ಮೇಲೆ ಅದು ಗಾಜಿನಂತೆ ಗಟ್ಟಿಯಾಯಿತು. ಅದರ ಸುತ್ತ ಕೋಶಗಳುಳ್ಳ ಅಂಟನ್ನು ಸುರಿದರು. ಅಂಟು ಹೆಪ್ಪುಗಟ್ಟಿದ ಬಳಿಕ ಸಕ್ಕರೆ ಕರಗಿ ಹೋಯಿತು. ಅದಿದ್ದ ಜಾಗ ನಾಳವಾಗಿ ಉಳಿಯಿತು. ರಕ್ತನಾಳದ ಒಳಗೋಡೆಯ ಕೋಶಗಳನ್ನು ಆ ನಾಳಗಳಲ್ಲಿ ಹರಿಸಿದಾಗ ಅವು ಅಂಚಿಗೆ ಅಂಟಿಕೊಂಡು ಅಸ್ತರಿಯಾದವು.

ಇಲ್ಲಿ ಒಂದು ಅಪಾಯವಿತ್ತು. ಅಥಣಿಯ ಹಸಿ ದ್ರಾಕ್ಷಿಯನ್ನು ಗಟ್ಟಿ ಸಕ್ಕರೆ ಪಾಕದಲ್ಲಿಟ್ಟು ನೋಡಿ. ನೀರನ್ನು ಕಳೆದುಕೊಂಡು ಸುಕ್ಕಾಗುತ್ತದೆ. ಇದು ನೀವು ಪಾಠದಲ್ಲಿ ಓದುವ ಅಭಿಸರಣ. ಕರಗಿದ ಸಕ್ಕರೆ ಅಂಟಿನೊಳಗೆ ಇಳಿದರೆ ಕೋಶಗಳಿಗೂ ಇದೇ ಗತಿ. ಅದಕ್ಕಾಗಿ ಸಕ್ಕರೆಯ ಎಳೆಗಳಿಗೆ ತೆಳುವಾದ ಪಾಲಿಮರ್ ಲೇಪ ಕೊಟ್ಟಿದ್ದರು. ನಾಳಗಳಲ್ಲಿ ಪೋಷಕ ದ್ರವ ಹರಿದಾಗ, ಅಂಟಿನ ನಡುವಿದ್ದ ಇಲಿಯ ಯಕೃತ್ತಿನ ಕೋಶಗಳೂ ತಮ್ಮ ಕೆಲಸ ಮುಂದುವರಿಸಿದವು.

ಇನ್ನೂ ದೂರ ಸಾಗಬೇಕಾಗಿದೆ. ಲೋಮನಾಳದ ಒಳ ಅಳತೆ ಮಿಲಿಮೀಟರಿನ ಸುಮಾರು ನೂರನೆಯ ಒಂದು ಭಾಗ. ಅಷ್ಟು ಸೂಕ್ಷ್ಮವಾಗಿ ಮುದ್ರಿಸುವುದು ಸುಲಭವಲ್ಲ. ಆದ್ದರಿಂದ ದೊಡ್ಡ ನಾಳಗಳನ್ನು ಮಾತ್ರ ಮುದ್ರಿಸಿ, ಲೋಮನಾಳಗಳು ಕೋಶಗಳಿಂದಲೇ ಚಿಗುರುವಂತೆ ಮಾಡುವ ಯತ್ನವೂ ನಡೆದಿದೆ. ಜೊತೆಗೆ ನಾಳಗಳು ರಕ್ತದೊತ್ತಡವನ್ನು ತಾಳಬೇಕು, ರಕ್ತ ಒಳಗೆ ಹೆಪ್ಪುಗಟ್ಟಬಾರದು, ರೋಗಿಯ ರಕ್ತನಾಳಕ್ಕೆ ಹೊಲಿದು ಜೋಡಿಸುವಂತಿರಬೇಕು. ಹೀಗೆ ಮುದ್ರಿಸಿದ ಪೂರ್ಣ ಯಕೃತ್ತು ಅಥವಾ ಮೂತ್ರಪಿಂಡವನ್ನು ಮನುಷ್ಯನಿಗೆ ಅಳವಡಿಸುವ ಕಾಲ ಇನ್ನೂ ಬಂದಿಲ್ಲ. ಹಾಗೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಅಲ್ಲಿಯವರೆಗೆ ರೋಗಿಗಳಿಗೆ ಆಸರೆ ಅಂಗದಾನವೇ. ನಮ್ಮ ರಾಜ್ಯದಲ್ಲಿ ಮರಣಾನಂತರದ ಅಂಗದಾನದ ಹೊಣೆ ಹೊತ್ತಿರುವುದು 'ಜೀವಸಾರ್ಥಕತೆ' ಸಂಸ್ಥೆ. ಈ ವಿಷಯವನ್ನು ಮನೆಯಲ್ಲಿ ಹಿರಿಯರೊಂದಿಗೆ ಮಾತನಾಡಿ. ಮುಂದೆ ಜೀವಶಾಸ್ತ್ರವನ್ನೋ ಎಂಜಿನಿಯರಿಂಗನ್ನೋ ಓದುವಾಗ, ಕೊನೆಯ ಕೋಶಕ್ಕೂ ರಕ್ತ ಮುಟ್ಟಿಸುವ ಈ ಕೆಲಸ ನಿಮಗಾಗಿ ಕಾದಿದೆ ಎಂಬುದನ್ನು ಮರೆಯಬೇಡಿ.