ಹೈಡ್ರೋಡಿನೈಟ್ರೋಜನೀಕರಣ

ಹೈಡ್ರೋಡಿನೈಟ್ರೋಜನೀಕರಣವು ಪೆಟ್ರೋಲಿಯಂ ತೈಲದಲ್ಲಿರುವ ಸಾರಜನಕವನ್ನು ಜಲಜನಕ ಹಾಗೂ ವೇಗವರ್ಧಕದ ನೆರವಿನಿಂದ ಅಮೋನಿಯಾ ರೂಪದಲ್ಲಿ ಬೇರ್ಪಡಿಸುವ ವಿಧಾನ.

ಅಗತ್ಯ

ಕಚ್ಚಾತೈಲದಲ್ಲಿ ಸಾರಜನಕದ ಪ್ರಮಾಣ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಆದರೂ ಪಿರಿಡಿನ್, ಕ್ವಿನೋಲಿನ್ ಮೊದಲಾದ ಪ್ರತ್ಯಾಮ್ಲೀಯ ಸಂಯುಕ್ತಗಳು ಹೈಡ್ರೋಕ್ರ್ಯಾಕಿಂಗ್‌ನಂತಹ ಮುಂದಿನ ಹಂತಗಳ ಆಮ್ಲೀಯ ವೇಗವರ್ಧಕಗಳಿಗೆ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಇಂಧನದಲ್ಲಿ ಉಳಿದ ಸಾರಜನಕವು ಉರಿದಾಗ ನೈಟ್ರೋಜನ್ ಆಕ್ಸೈಡುಗಳಾಗಿ ಗಾಳಿಯನ್ನು ಮಲಿನಗೊಳಿಸುತ್ತದೆ.

ಕ್ರಿಯೆಯ ಹಂತಗಳು

ಪಿರಿಡಿನ್ ಉಂಗುರದ ಇಂಗಾಲ–ಸಾರಜನಕ ಬಂಧ ಬಲವಾದದ್ದು. ಆದ್ದರಿಂದ ಮೊದಲು ಮೂರು ಜಲಜನಕ ಅಣುಗಳು ಸೇರಿ ಉಂಗುರವು ಸಂತೃಪ್ತಗೊಂಡು ಪಿಪೆರಿಡಿನ್ ಆಗುತ್ತದೆ. ಬಳಿಕ ಉಂಗುರ ತೆರೆದು ಪೆಂಟೈಲ್‌ಅಮೀನ್ ಉಂಟಾಗುತ್ತದೆ. ಕೊನೆಗೆ ಅದರಿಂದ ಸಾರಜನಕ ಕಳಚಿಕೊಳ್ಳುತ್ತದೆ. ಒಟ್ಟು ಕ್ರಿಯೆ:

ಪಿರಿಡಿನ್ + 5 ಜಲಜನಕ ಅಣುಗಳು → ಪೆಂಟೇನ್ + ಅಮೋನಿಯಾ

ಥಯೋಫೀನ್‌ನಂತಹ ಸಂಯುಕ್ತಗಳಲ್ಲಿ ಉಂಗುರ ಸಂತೃಪ್ತವಾಗುವ ಮೊದಲೇ ಗಂಧಕ ಹೊರಬರಬಲ್ಲದು. ಹೀಗಾಗಿ ಗಂಧಕ ನಿವಾರಣೆಗಿಂತ ಸಾರಜನಕ ನಿವಾರಣೆ ಕಠಿಣ.

ವೇಗವರ್ಧಕ ಮತ್ತು ಪರಿಸ್ಥಿತಿ

ಅಲ್ಯೂಮಿನಾದ ಮೇಲೆ ಹರಡಿದ ನಿಕಲ್–ಮಾಲಿಬ್ಡಿನಮ್ ಸಲ್ಫೈಡ್ ಸಾಮಾನ್ಯ ವೇಗವರ್ಧಕವಾಗಿದ್ದು, ಕ್ರಿಯೆ ಸುಮಾರು 300–400 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ. ಉಂಗುರದ ಸಂತೃಪ್ತೀಕರಣವು ಉಷ್ಣವನ್ನು ಹೊರಬಿಡುವ ಪರಾವರ್ತ್ಯ ಕ್ರಿಯೆ. ತಾಪ ಏರಿದಂತೆ ಸಮತೋಲನವು ಪಿರಿಡಿನ್‌ನತ್ತ ವಾಲುತ್ತದೆ. ಇದನ್ನು ತಡೆಯಲು ಜಲಜನಕದ ಒತ್ತಡವನ್ನು ಹೆಚ್ಚಾಗಿರಿಸಲಾಗುತ್ತದೆ.

ಉಪೋತ್ಪನ್ನ

ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ತಣಿಯುವಾಗ ಕೂಡಿ ಲವಣವಾಗಿ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಅನಿಲಪ್ರವಾಹಕ್ಕೆ ನೀರು ಚಿಮ್ಮಿಸಿ ಅದನ್ನು ಕರಗಿಸಿ ತೆಗೆಯಲಾಗುತ್ತದೆ.