ಕೊರಳಿಗೆ ತಾಗಿದ ಹಲ್ಲು

ನಾಯಿ ಕಚ್ಚಿತೆಂದೊಡನೆ ಜನರ ದೃಷ್ಟಿ ಮೊದಲು ಹರಿಯುವುದು ಕಾಲಿನ ಮೀನಖಂಡದತ್ತ. ವಯಸ್ಕರ ಮಟ್ಟಿಗೆ ಇದು ಬಹುಪಾಲು ಸರಿಯೇ. ಆದರೆ ಮೂರು ನಾಲ್ಕು ವರ್ಷದ ಮಗುವಿನ ಮುಖವೂ ಕೊರಳೂ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುತ್ತವೆ. ತಿನ್ನುತ್ತಿರುವ ನಾಯಿಯ ಬಳಿ ಬಗ್ಗಿದ, ಮಲಗಿದ ನಾಯಿಯನ್ನು ಅಪ್ಪಿಕೊಂಡ ಮಗುವಿಗೆ ಹಲ್ಲು ತಾಗುವುದು ಅಲ್ಲಿಯೇ. ಅದು ಬೀದಿನಾಯಿಯೇ ಆಗಿರಬೇಕೆಂದಿಲ್ಲ. ಎಷ್ಟೋ ವೇಳೆ ಮನೆಯದೋ ನೆರೆಮನೆಯದೋ ಆಗಿರುತ್ತದೆ. ಕೊರಳಿನ ರಕ್ತನಾಳಕ್ಕೆ ಇಂತಹ ಪೆಟ್ಟಾಗುವುದು ವಿರಳ. ಆದರೆ ಆದಾಗ ನಿಮಿಷಗಳ ಲೆಕ್ಕದಲ್ಲಿ ಪ್ರಾಣದ ಪ್ರಶ್ನೆ ನಿರ್ಣಯವಾಗುತ್ತದೆ.

ಇಕ್ಕಟ್ಟಾದ ಓಣಿ

ಗಂಟಲಿನ ಉಬ್ಬಿನ ಪಕ್ಕದಲ್ಲಿ ಬೆರಳಿಟ್ಟರೆ ಮಿಡಿಯುವುದು ಕ್ಯಾರೊಟಿಡ್ ಧಮನಿ. ಎಡಬಲಗಳಲ್ಲಿ ಒಂದೊಂದಿದ್ದು, ಮೆದುಳಿಗೆ ರಕ್ತವನ್ನೊಯ್ಯುವ ಮುಖ್ಯ ಮಾರ್ಗಗಳು ಇವು. ಮಗ್ಗುಲಲ್ಲಿಯೇ ತಲೆಯಿಂದ ರಕ್ತವನ್ನು ಹಿಂದಿರುಗಿಸುವ ಜುಗುಲಾರ್ ಸಿರೆಯುಂಟು. ನಡುವೆ ಶ್ವಾಸನಾಳ, ಅದರ ಹಿಂದೆ ಅನ್ನನಾಳ.

ನಾಯಿಯ ಕೋರೆಹಲ್ಲು ದಬ್ಬಳದಂತೆ ಚುಚ್ಚುತ್ತದೆ, ದವಡೆ ಹಿಂಡುತ್ತದೆ, ತಲೆಯನ್ನು ಒದರಿದಾಗ ಮಾಂಸ ಹರಿಯುತ್ತದೆ. ಆದ್ದರಿಂದ ಹೊರಗೆ ಎರಡು ಚುಕ್ಕೆಗಳಷ್ಟೇ ಕಂಡರೂ ಒಳಗಿನ ಗಾಯ ದೊಡ್ಡದಿರಬಹುದು. ಧಮನಿ ಹರಿದರೆ ರಕ್ತ ಚಿಮ್ಮುತ್ತದೆ; ಇಲ್ಲವೇ ಒಳಗೇ ತುಂಬಿ ಊದಿ ಶ್ವಾಸನಾಳವನ್ನು ಒತ್ತುತ್ತದೆ. ಸಿರೆ ತೆರೆದರೆ ಅದರ ಮೂಲಕ ಗಾಳಿ ಹೃದಯವನ್ನು ಸೇರುವ ಅಪಾಯವಿದೆ. ಧಮನಿಯ ಒಳಪದರ ಮಾತ್ರ ಸೀಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಗಂಟೆಗಳ ಅಥವಾ ದಿನಗಳ ಮೇಲೆ ಪಾರ್ಶ್ವವಾಯು ಬಡಿಯಬಹುದು.

ರಕ್ತ ನಿಂತ ಮಾತ್ರಕ್ಕೆ ಗಂಡಾಂತರ ಕಳೆಯಿತೆನ್ನಲಾಗದು. 1803ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ಸೇವಕನೊಬ್ಬನ ಕೊರಳಿಗೆ ಕತ್ತಿಯ ಗಾಯವಾಗಿತ್ತು. ಗುಣಮುಖನಾಗುತ್ತಿದ್ದಂತೆ ತೋರಿದವನ ಧಮನಿ ಕೆಲವು ದಿನಗಳ ಮೇಲೆ ಹಠಾತ್ತನೆ ಒಡೆಯಿತು. ನೌಕೆಯ ವೈದ್ಯ ಫ್ಲೆಮಿಂಗ್ ಅದನ್ನು ಕಟ್ಟಿ ಅವನನ್ನು ಉಳಿಸಿದನು. ಹಲ್ಲಿನ ಗಾಯಕ್ಕೂ ಈ ಪಾಠ ಸಲ್ಲುತ್ತದೆ.

ಕೂಡಲೇ ಮಾಡತಕ್ಕದ್ದು

1. ಶುಭ್ರವಾದ ಬಟ್ಟೆಯನ್ನು ರಕ್ತ ಬರುವ ಜಾಗದ ಮೇಲಿಟ್ಟು ಬಿಗಿಯಾಗಿ ಅದುಮಿ ಹಿಡಿಯಬೇಕು. ತೊಯ್ದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನಿಡಬೇಕು.

2. ಕೊರಳಿನ ಸುತ್ತ ಪಟ್ಟಿ ಕಟ್ಟಬಾರದು. ಎರಡೂ ಪಕ್ಕಗಳನ್ನು ಒಟ್ಟಿಗೆ ಒತ್ತಬಾರದು; ಶ್ವಾಸನಾಳವನ್ನಂತೂ ಒತ್ತಲೇಬಾರದು.

3. ಉಸಿರಾಟಕ್ಕೆ ತೊಡಕಿಲ್ಲದಿದ್ದರೆ ಸಮತಟ್ಟಾಗಿ ಮಲಗಿಸಬೇಕು.

4. ಸುಣ್ಣ, ಅರಿಸಿನ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು.

5. ಅದುಮಿದ ಕೈಯನ್ನು ಸಡಿಲಿಸದೆ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನಾಯಿ ಕಚ್ಚಿದ ಸಾಮಾನ್ಯ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದೇ ಮೊದಲ ಚಿಕಿತ್ಸೆ. ಆದರೆ ಕೊರಳಿನಿಂದ ರಕ್ತ ಸುರಿಯುತ್ತಿರುವಾಗ ಅದುಮುವುದು ಮೊದಲು. ತೊಳೆಯುವ ಕೆಲಸ ಆಸ್ಪತ್ರೆಯಲ್ಲಿ.

ಊತ ಬೆಳೆಯುವುದು, ಧ್ವನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು—ಇವುಗಳಲ್ಲಿ ಒಂದು ಕಂಡರೂ ಅಪಾಯದ ಸೂಚನೆ. ಯಾವುದೂ ಕಾಣದಿದ್ದರೂ ಆಳವಾದ ಗಾಯವಾಗಿದ್ದರೆ ವೈದ್ಯರು ಸಿ.ಟಿ. ಆಂಜಿಯೋಗ್ರಫಿಯ ಮೂಲಕ ನಾಳಗಳನ್ನು ಪರೀಕ್ಷಿಸುತ್ತಾರೆ.

ಮರೆಯಬಾರದ ಇನ್ನೊಂದು ಶತ್ರು

ಧಮನಿಯನ್ನು ಹೊಲಿದು ಮಗುವನ್ನುಳಿಸಿದ ಸಂತೋಷದಲ್ಲಿ ರೇಬೀಸನ್ನು ಮರೆಯಬಾರದು. ಕೊರಳು ಮೆದುಳಿಗೆ ಸಮೀಪವಾದುದರಿಂದ ಅಲ್ಲಿನ ಕಡಿತದಿಂದ ರೋಗ ಬೇಗ ತಲೆದೋರಬಹುದು. ತಲೆದೋರಿದ ಮೇಲೆ ಉಳಿಯುವುದು ಅಸಂಭವವೆನ್ನುವಷ್ಟು ಕಷ್ಟ. ಗಾಯದೊಳಗೂ ಸುತ್ತಲೂ ಇಮ್ಯುನೋಗ್ಲೋಬುಲಿನ್ ಚುಚ್ಚುವುದು ಮತ್ತು ಅಂದೇ ಲಸಿಕೆಯನ್ನು ಆರಂಭಿಸುವುದು, ಎರಡೂ ಅವಶ್ಯ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದುಗಳೆಂಬ ಹಿಂದಿನ ಭೀತಿ ಈಗ ಬೇಕಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೆಯ ದಿನಗಳಲ್ಲಿ ತೋಳಿಗೆ ಹಾಕಿಸಿಕೊಂಡರೆ ಸಾಕು. ಆದರೆ ಒಂದು ದಿನವನ್ನೂ ತಪ್ಪಿಸಬಾರದು.

ನಗರದಲ್ಲಿ ನೆಲೆಸಿದ ಕುಟುಂಬಗಳು ಬೇಸಗೆಯ ರಜೆಗೆ ಊರಿಗೆ ಹೊರಟಾಗ ಮಕ್ಕಳಿಗೆ ಅಜ್ಜಿಯ ಮನೆಯ ಅಂಗಳದ ನಾಯಿಯೇ ಮೊದಲ ಆಕರ್ಷಣೆ. ಆ ನಾಯಿಗೆ ಲಸಿಕೆ ಹಾಕಿಸಿದೆಯೇ, ಇಮ್ಯುನೋಗ್ಲೋಬುಲಿನ್ ದೊರೆಯುವ ಆಸ್ಪತ್ರೆ ಯಾವುದು ಎಂಬೆರಡು ಪ್ರಶ್ನೆಗಳನ್ನು ಹಿರಿಯರು ಹೊರಡುವ ಮೊದಲೇ ಪತ್ರದಲ್ಲೋ ಫೋನಿನಲ್ಲೋ ಕೇಳಿಟ್ಟುಕೊಳ್ಳುವುದು ಲೇಸು. ಚಿಕ್ಕ ಮಗುವನ್ನೂ ನಾಯಿಯನ್ನೂ, ಅದು ಎಷ್ಟೇ ಸಾಧುವಾಗಿರಲಿ, ಅವರಷ್ಟಕ್ಕೇ ಬಿಟ್ಟು ಒಳಗೆ ಹೋಗದಿರುವುದು ಅದಕ್ಕಿಂತಲೂ ಲೇಸು.